ವಿಭೂತಿ ಹಚ್ಚಿದ ಕೊಳವೆಗಳು

ಸೊರಬಕ್ಕೆ ಕಂಪ್ಯೂಟರ್ ಆಗ ಹೊಸದು. ನಮ್ಮ ಮನೆಯ ಮುಂಗೋಣೆಯನ್ನು ಬಾಡಿಗೆಗೆ ಹಿಡಿದವರೊಬ್ಬರು ಅಲ್ಲಿ ಒಂದನ್ನು ಇಟ್ಟು ಊರ ಹುಡುಗರಿಗೆ ದುಡ್ಡಿಗೆ ಆಟ ಆಡಿಸುತ್ತಿದ್ದರು. ಕಾರಿನ ಆಟ ಶುರುವಾದ ಸ್ವಲ್ಪ ಹೊತ್ತಿಗೆ ಅದು ಕಾದು ನಿಂತುಬಿಡುತ್ತಿತ್ತು. ಅದರ ಹೊಟ್ಟೆಯೊಳಗೆ ನೀರು ಹರಿಸಿ ತಣಿಸಬೇಕೆಂಬುದು ಅವರ ಯೋಚನೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ನೀರಿನ ದಾರಿ ಬರೆಯುವರು, ಅಳಿಸುವರು. ಮೀನಿನ ತೊಟ್ಟಿಯ ಪಂಪು, ಪ್ಲಾಸ್ಟಿಕ್ ಕೊಳವೆ, ಹಳೆಯ ಕಾರಿನ ರೇಡಿಯೇಟರ್, ಮತ್ತೆ ಅದೇ ಪಂಪು.

ನಿಮಗೆ ಗೊತ್ತಲ್ಲ ಮಕ್ಕಳೇ, ನಿಮ್ಮ ಅಜ್ಜ ಗದ್ದೆಯ ಮೋಟಾರಿನ ಕರೆಂಟು ತಗುಲಿ ಹೋದವರು. ಅದಕ್ಕೇ ನಾನು ಒಳಗೆ ಹೋಗದೆ ಬಾಗಿಲ ಮರೆಯಲ್ಲೇ ನಿಂತು ನೋಡುತ್ತಿದ್ದೆ.

“ಹೆದರ್ಬೇಡ್ರೀ ಅಮ್ಮ, ನೀರಿನ ದಾರಿ ನೀರಿಗೆ, ಕರೆಂಟಿನ ದಾರಿ ಕರೆಂಟಿಗೆ,” ಎಂದು ಅವರು ಸೀಮೆಸುಣ್ಣವನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಾ ದಿನಾ ಹೇಳುವರು.

ಎಲ್ಲ ಜೋಡಿಸಿದ ದಿನ ನಮ್ಮ ದೇವರ ಗೂಡಿನ ವಿಭೂತಿ ಕೇಳಿದರು. ಅದನ್ನು ಪುಡಿ ಮಾಡಿ ಕೊಳವೆಯ ಕೀಲುಗಳಿಗೆ ಹಚ್ಚಿ, ಪಂಪನ್ನಷ್ಟೇ ಓಡಿಸಿದರು. ಹನಿ ಸೋರಿದರೆ ಬಿಳುಪು ಕಪ್ಪಾಗಿ ತೋರುತ್ತದಂತೆ.

“ಕಂಪ್ಯೂಟರಿಗೂ ದೀಕ್ಷೆ ಕೊಟ್ರೇನ್ರೀ?” ಎಂದು ಪಕ್ಕದಂಗಡಿಯ ಟೈಲರ್ ನಕ್ಕರು.

ಎಲ್ಲಿಯೂ ಕಪ್ಪು ಕಾಣಲಿಲ್ಲ. ಆದರೂ ಅವರು ಕಂಪ್ಯೂಟರಿನ ಸ್ವಿಚ್ಚು ಹಾಕದೆ ಪಂಚೆಗೆ ಕೈ ಒರೆಸುತ್ತಾ ನಿಂತರು. ಆಮೇಲೆ ಒಣ ಬಿದಿರ ಕೋಲೊಂದನ್ನು ನನ್ನತ್ತ ಚಾಚಿ, “ನಾನೇನಾದ್ರೂ ಕರೆಂಟಿಗೆ ಅಂಟ್ಕೊಂಡ್ರೆ ಇದ್ರಲ್ಲಿ ಹೊಡೀರಿ. ಕೈಲಿ ಮಾತ್ರ ಮುಟ್ಬೇಡಿ,” ಅಂದರು.

ಕೋಲು ಹಿಡಿದು ಆ ಕೋಣೆಯೊಳಗೆ ಮೊದಲ ಸಲ ಕಾಲಿಟ್ಟೆ. ನೀರು ಹರಿಯಿತು, ಪರದೆಯಲ್ಲಿ ಕಾರು ಓಡಿತು, ಏನೂ ಆಗಲಿಲ್ಲ.

“ಸಾಕು, ಇನ್ ಹೋಗ್ರೀ ಅಮ್ಮ,” ಅಂದರು.

ಅವರು ಎಲ್ಲ ಆರಿಸಿ ಎದ್ದು ಬರುವವರೆಗೂ ನಾನು ಕೋಲು ಬಿಡದೆ ಅವರ ಕೈಗಳನ್ನೇ ನೋಡುತ್ತಾ ಅಲ್ಲೇ ನಿಂತಿದ್ದೆ.