ಸೂತಕವೆಂದು ಬರೆದು ಕೊಡಿ

ದಟ್ಟಗಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಮಹದೇವಮ್ಮನವರಿಗೆ ಪಿಸುಮಾತು ಬರುವುದಿಲ್ಲ. ಯಂತ್ರದ ಸದ್ದನ್ನು ಮೀರಿ, ರಾಗಿ ಯಾರದು, ಸಣ್ಣಗೆ ಬೀಸಬೇಕೋ ತರಿಯೋ ಎಂದು ಅರ್ಧ ಆಯುಷ್ಯ ಕೂಗಿದ ಗಂಟಲು ಅದು. ಯಂತ್ರ ನಿಂತ ಮೇಲೂ ತಗ್ಗುವುದಿಲ್ಲ. ಮಗಳು ಲಾಸ್ಯಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಆಕೆ ಅಡುಗೆಮನೆಯಲ್ಲಿ ಗಂಡನ ಕಿವಿಯ ಬಳಿ, “ಹುಡ್ಗ ಚೆನ್ನಾಗವ್ನೆ, ಕಿವಿ ಒಂಚೂರು ದೊಡ್ಡವು ಕಣ್ರೀ” ಎಂದ ಗುಟ್ಟು ಹಜಾರದಲ್ಲಿದ್ದ ಆ ದೊಡ್ಡ ಕಿವಿಗಳಿಗೇ ಮೊದಲು ತಲುಪಿತು. ಹುಡುಗ ನಕ್ಕುಬಿಟ್ಟ. ಮದುವೆ ಕುದುರಿತು.

ಗಂಡ ಸಿದ್ದಲಿಂಗಸ್ವಾಮಿ ಇದಕ್ಕೆ ವಿರುದ್ಧ. ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ತಮಗೆ ಬರಬೇಕಾದದ್ದನ್ನು ಕೇಳುವಾಗಲೂ ಕ್ಷಮೆ ಕೋರುವ ದನಿ. ಲಾಸ್ಯಳ ಮದುವೆಗೆ ಅವರು ಆರಿಸಿದ್ದು ತಮ್ಮದೇ ಲಿಂಗಾಯತ ಸಮುದಾಯದ ಟ್ರಸ್ಟೊಂದರ ಕಲ್ಯಾಣ ಮಂಟಪವನ್ನು. ಮುಂಗಡವಾಗಿ ಕಾಲು ಭಾಗ ಕೊಟ್ಟರೆ ಸಾಕಿತ್ತು. ಅವರು ತೊಂಬತ್ತು ಸಾವಿರವನ್ನೂ ಒಂದೇ ಸಲಕ್ಕೆ ಕೊಟ್ಟು ಬಂದರು. “ಹೊರಗಿನೋರ ಹತ್ರ ಲೆಕ್ಕಾಚಾರ ಮಾಡ್ಬೇಕು. ನಮ್ಮೋರ ಹತ್ರ ಏನು?” ಎಂದರು. ಆ ಟ್ರಸ್ಟಿನ ವಾರ್ಷಿಕೋತ್ಸವಕ್ಕೆ ಕುರ್ಚಿ ಹಾಕುತ್ತಾ ಬಂದವರು ಅವರು. ನಂಬಿಕೆಯನ್ನು ಅಳೆಯುವ ಅಭ್ಯಾಸವೇ ಅವರಿಗಿರಲಿಲ್ಲ.

2020ರ ಏಪ್ರಿಲ್‌ಗೆ ಗೊತ್ತಾಗಿದ್ದ ಮದುವೆ. ಮಾರ್ಚ್‌ನಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಮಂಟಪಕ್ಕೂ ಬೀಗ ಬಿತ್ತು. ಜೂನ್‌ನಲ್ಲಿ, ಬೆರಳೆಣಿಕೆಯ ಮಂದಿಯ ಎದುರು, ಗಿರಣಿಯಲ್ಲೇ ಲಾಸ್ಯಳ ಮದುವೆಯಾಯಿತು. ಬೀಸುವ ಯಂತ್ರಕ್ಕೆ ಹಳೆಯ ರೇಷ್ಮೆ ಸೀರೆ ಹೊದಿಸಿ, ಕಾಳು ಸುರಿಯುವ ಅದರ ಬಾಯಿಗೆ ಮಾವಿನ ಸೊಪ್ಪು ಕಟ್ಟಿದ್ದರು. ಧಾರೆಯ ಹೊತ್ತಿಗೆ ಮದುಮಗನ ಕೋಟಿನ ಮೇಲೆಲ್ಲ ಹಿಟ್ಟು ಕುಳಿತಿತ್ತು.

ಸಿದ್ದಲಿಂಗಸ್ವಾಮಿ ಹಣ ಕೇಳಲು ಹೋದಾಗ ಮಂಟಪದ ವ್ಯವಸ್ಥಾಪಕ ವಿಶ್ವನಾಥ್ ಒಂದು ಹಸಿರು ಕೂಪನ್ ಕೊಟ್ಟರು. ಒಂದು ಶುಭಕಾರ್ಯಕ್ಕೆ ಮಾತ್ರ. 2021ರ ಮಾರ್ಚ್ 31ರವರೆಗೆ ಸಿಂಧು. ರದ್ದತಿಗೆ ಕಾರಣ ದೈವೇಚ್ಛೆಯಾದ್ದರಿಂದ ಹಣ ಹಿಂತಿರುಗಿಸಲಾಗದು ಎಂದು ಅದರ ಮೇಲೆ ಅಚ್ಚಾಗಿತ್ತು.

ಹಾಲು ಕೆಡುತ್ತದೆ, ಏಕೆಂದರೆ ಅದರೊಳಗೆ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಔಷಧಕ್ಕೆ ಅವಧಿ ಇರುತ್ತದೆ, ಏಕೆಂದರೆ ಅದರ ಅಣುಗಳು ಕಾಲಕ್ರಮದಲ್ಲಿ ಒಡೆಯುತ್ತವೆ. ರಾಗಿ ಹಿಟ್ಟು ಮುಗ್ಗಲಾಗುವುದಕ್ಕೂ ತಿಳಿದಿರುವ ಕಾರಣಗಳಿವೆ. ಆದರೆ ಮಾರ್ಚ್ 31ರ ಮಧ್ಯರಾತ್ರಿ ಆ ಹಸಿರು ಕಾಗದದೊಳಗೆ ಕೊಳೆಯುವುದು ಏನು? ಟ್ರಸ್ಟಿನ ಬ್ಯಾಂಕ್ ಖಾತೆಯಲ್ಲಿ ಸಿದ್ದಲಿಂಗಸ್ವಾಮಿಯವರ ಹಣ ಏಪ್ರಿಲ್ ಒಂದರಂದೂ ತಾಜಾ ಆಗಿಯೇ ಇರುತ್ತದೆ, ಬಡ್ಡಿಯನ್ನೂ ಹಡೆಯುತ್ತಿರುತ್ತದೆ. ಸರ್ಕಾರದ ಆದೇಶದಿಂದ ಮಂಟಪ ಮುಚ್ಚಿದ್ದ ತಿಂಗಳುಗಳಲ್ಲಿ ಸಭಾಂಗಣದ ಗಡಿಯಾರ ಬ್ಯಾಟರಿಯಿಲ್ಲದೆ ನಿಂತುಹೋಗಿತ್ತು. ಕೂಪನ್ನಿನ ಗಡಿಯಾರ ಮಾತ್ರ ಓಡುತ್ತಲೇ ಇತ್ತು. ಇನ್ನು ದೈವೇಚ್ಛೆ. ಕೊರೊನಾ ವೈರಾಣು ಎಂದರೆ ಕೊಬ್ಬು, ಪ್ರೋಟೀನುಗಳ ಹೊದಿಕೆಯೊಳಗಿನ ಆರ್‌ಎನ್‌ಎ ಎಳೆ. ಅದಕ್ಕೆ ಇಚ್ಛೆ ಇಲ್ಲ. ಇದೆಯೆಂದು ವಾದಕ್ಕೆ ಒಪ್ಪಿಕೊಂಡರೂ, ಆ ಇಚ್ಛೆಯ ನಷ್ಟವೆಲ್ಲ ಹಣ ಕೊಟ್ಟವನ ಪಾಲಿಗೇ ಬಂದು, ಹಣ ಪಡೆದವನ ಕೂದಲೂ ಕೊಂಕದಿರುವುದು ಯಾವ ದೈವದ ಲೆಕ್ಕ?

ಸಿದ್ದಲಿಂಗಸ್ವಾಮಿ ಮತ್ತೆ ಮತ್ತೆ ಹೋದರು. ಮಂಟಪದ ಕಚೇರಿಯ ಹೊರಗಿನ ಕಲ್ಲುಬೆಂಚಿನ ಮೇಲೆ ಅವರಿಗೆ ಸಿಕ್ಕ ಜೊತೆ ಲೋಕೇಶ್. ಅಶೋಕಪುರಂನ ಲೋಕೇಶ್ ಮನೆಗಳಿಗೆ ಬಣ್ಣ ಬಳಿಯುವವರು. ಮಗಳು ಬಿಂದುವಿನ ನಿಶ್ಚಿತಾರ್ಥಕ್ಕೆಂದು ಟ್ರಸ್ಟಿನ ‘ಹೊರಗಿನವರ ದರ’ದಲ್ಲಿ, ಅಂದರೆ ಹೆಚ್ಚು ಬಾಡಿಗೆಗೆ, ಮಂಟಪ ಹಿಡಿದಿದ್ದವರು. ಅವರ ಜೇಬಿನಲ್ಲೂ ಅದೇ ಹಸಿರು ಕೂಪನ್. ಒಳಗಿನವರನ್ನೂ ಹೊರಗಿನವರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದ ಕೀರ್ತಿ ಮಾತ್ರ ಟ್ರಸ್ಟಿಗೆ ಸಲ್ಲಬೇಕು.

ಒಂದು ದಿನ ವಿಶ್ವನಾಥ್ ನಗುತ್ತಾ, “ಮಗಳಿಗೆ ಸ್ವಲ್ಪ ಅವಸರ ಮಾಡಕ್ಕೇಳಿ ಸ್ವಾಮಿ. ಮಾರ್ಚ್ ಒಳಗೆ ಸೀಮಂತ ಆದ್ರೆ ಕೂಪನ್ ವೇಸ್ಟ್ ಆಗಲ್ಲ” ಎಂದರು. ಸಿದ್ದಲಿಂಗಸ್ವಾಮಿ ಮನೆಗೆ ಬಂದು, ತಲೆ ತಗ್ಗಿಸಿ, ಇದನ್ನು ಹೆಂಡತಿಗೆ ಹೇಳಿದರು. ಮಹದೇವಮ್ಮ ಯಂತ್ರವನ್ನು ನಿಲ್ಲಿಸಿದರು.

“ನನ್ ಮಗಳ ಹೊಟ್ಟೆಗೂ ಡೇಟ್ ಹಾಕ್ಬುಟ್ನಾ ಅವ್ನು? ನೀವೇನಂದ್ರಿ?”

“ನೋಡೋಣ ಅಂದೆ.”

“ನೋಡೋಣ ಅಂದ್ರಾ! ನಾಳೆಯಿಂದ ನೀವು ಗಿರಣಿ ನೋಡ್ಕೊಳಿ, ನಾನ್ ಹೋಗ್ತೀನಿ.”

“ಬ್ಯಾಡ ಕಣೆ, ನೀನು ಕೂಗ್ತೀಯ. ನಮ್ಮೋರು. ಬುಡು, ನಾನೇ ಕೇಳ್ತೀನಿ.”

ಅವರು ಕೇಳುತ್ತಲೇ ಇದ್ದರು. 2021ರ ಮಾರ್ಚ್ ನಡುವಿನಲ್ಲಿ, ಬೆಳಗಿನ ಕಾಫಿಯ ಲೋಟ ಕೈಯಲ್ಲಿರುವಾಗಲೇ, ಸಿದ್ದಲಿಂಗಸ್ವಾಮಿಯವರ ಹೃದಯ ನಿಂತಿತು.

ಹನ್ನೊಂದನೆಯ ದಿನದ ಶಿವಗಣಾರಾಧನೆ ಕೂಪನ್ನಿನ ಅವಧಿಯೊಳಗೇ ಬಿದ್ದಿತ್ತು. ಬಂದವರಿಗೆಲ್ಲ ಪ್ರಸಾದ ಆಗಬೇಕು; ಮನೆ ಚಿಕ್ಕದು, ಗಿರಣಿಗೆ ಆ ವರ್ಷ ಬಂದ ಕಾಳು ಕಡಿಮೆ, ಕೈಯಲ್ಲಿ ಹಣವಿಲ್ಲ. ಬದುಕಿದ್ದಾಗ ಸಿಕ್ಕದ ಮಂಟಪವನ್ನು ಗಂಡನ ಆರಾಧನೆಗಾದರೂ ಪಡೆಯಬೇಕು, ಇಲ್ಲವೇ ಅವರ ದುಡ್ಡನ್ನು ತಂದು ಅದರಲ್ಲೇ ಕಾರ್ಯ ಮಾಡಬೇಕು. ಮಹದೇವಮ್ಮ ಕೂಪನ್ ಹಿಡಿದು ಹೊರಟರು. ಬೆಂಚಿನ ಮೇಲೆ ಲೋಕೇಶ್ ಇದ್ದರು. ಎದ್ದು ಕೈಮುಗಿದರು. “ಸ್ವಾಮೋರು ನಂಗೆ ದಿನಾ ಬಾಳೆಹಣ್ಣು ತಂದ್ಕೊಡೋರು ಕಣಮ್ಮ” ಎಂದರು. ಗಂಡ ಮನೆಯಲ್ಲಿ ಈ ಮಾತು ಹೇಳಿರಲಿಲ್ಲ.

ಒಳಗೆ ವಿಶ್ವನಾಥ್ ಪೆನ್ನು ಹಿಡಿದು ಕೇಳಿದರು. “ಏನ್ ಕಾರ್ಯ ಅಮ್ಮ?”

“ಶಿವಗಣಾರಾಧನೆ.”

ಪೆನ್ನು ಕೆಳಗಿಳಿಯಿತು. “ಛೆ ಛೆ. ಇದು ಮದ್ವೆ ಮಾಡೋ ಜಾಗ ಕಣಮ್ಮ. ಸಾವಿನ್ ಊಟ ಹಾಕುದ್ರೆ ನಾಳೆ ಯಾರ್ ಬರ್ತಾರೆ? ಶುಭಕಾರ್ಯ ಅಂತ ಬರ್ದದೆ, ನೋಡಿ.”

“ಹಂಗಾರೆ ದುಡ್ಡು ಕೊಡಿ.”

“ಕೊಡಲ್ಲ ಅಂತ್ಲೂ ಬರ್ದದೆ.”

ಇಲ್ಲೊಂದು ಮಾತನ್ನು ಬಿಡಿಸಿ ಹೇಳಬೇಕು. ಲಿಂಗ ಧರಿಸಿದವರಿಗೆ ಸಾವಿನ ಸೂತಕವಿಲ್ಲ ಎಂಬುದು ಆ ಸಮುದಾಯ ಶತಮಾನಗಳಿಂದ ಎದೆಯುಬ್ಬಿಸಿ ಹೇಳಿಕೊಂಡು ಬಂದ ತತ್ವ. ಸತ್ತವರು ಲಿಂಗದಲ್ಲಿ ಒಂದಾದರು. ಮೈಲಿಗೆ ಎಲ್ಲಿಂದ ಬರಬೇಕು? ಟ್ರಸ್ಟಿನ ಅಧ್ಯಕ್ಷ ರುದ್ರಸ್ವಾಮಿ ಪ್ರತಿ ವಾರ್ಷಿಕೋತ್ಸವದಲ್ಲೂ ಇದೇ ಸಭಾಂಗಣದಲ್ಲಿ, ಇದೇ ವೇದಿಕೆಯ ಮೇಲೆ, ಅದನ್ನೇ ಭಾಷಣ ಮಾಡುತ್ತಿದ್ದರು. ಆ ಭಾಷಣಕ್ಕೆ ಕುರ್ಚಿ ಹಾಕಿದ ಮನುಷ್ಯ ಸತ್ತಾಗ ಆ ಸಾವು ಅಶುಭವಾಗಿಬಿಟ್ಟಿತು. ನಂಬಿಕೆಯೊಂದನ್ನು ಪರೀಕ್ಷಿಸುವುದು ಅದಕ್ಕೆ ಬೆಲೆ ತೆರಬೇಕಾದ ದಿನ. ಬಾಡಿಗೆ ಕಳೆದುಕೊಳ್ಳುವ ಭಯವೊಂದೇ ಸಾಕಾಯಿತು; ಶತಮಾನಗಳ ತತ್ವ ಸರಕ್ಕನೆ ಮಡಿಚಿಕೊಂಡಿತು.

ಮಹದೇವಮ್ಮ ವಿಶ್ವನಾಥರ ಮೇಜನ್ನು ಸುತ್ತಿ, ಒಳಕೋಣೆಯಲ್ಲಿದ್ದ ರುದ್ರಸ್ವಾಮಿಯವರ ಮುಂದೆ ಹೋಗಿ ನಿಂತರು.

“ಅಧ್ಯಕ್ಷರೇ, ನಮ್ಮಲ್ಲಿ ಸೂತಕ ಅದೆಯಾ?”

“ಇಲ್ಲ ಕಣಮ್ಮ. ನಾನ್ ವರ್ಷಾ ವರ್ಷಾ ಹೇಳೋದು ಅದನ್ನೇ ಅಲ್ವಾ?”

“ಹಂಗಾರೆ ನಮ್ಮೋರ ಆರಾಧನೆಗೆ ಹಾಲ್ ಕೊಡಿ.”

ಹಿಂದೆಯೇ ಬಂದ ವಿಶ್ವನಾಥ್ ವಿಷಯ ತಿಳಿಸಿದರು. ರುದ್ರಸ್ವಾಮಿ ಕನ್ನಡಕ ತೆಗೆದು ಒರೆಸಿದರು. “ಅದು ತತ್ವ ಕಣಮ್ಮ. ಇದು ವ್ಯವಹಾರ. ಜನದ ಮನಸ್ಸು ನೋಡ್ಬೇಕಾಗ್ತದೆ.”

“ಸರಿ. ಒಂದು ಕೆಲ್ಸ ಮಾಡಿ. ಸಿದ್ದಲಿಂಗಸ್ವಾಮಿ ಸಾವು ಸೂತಕ, ಅದಕ್ಕೆ ಮಂಟಪ ಕೊಡಲ್ಲ ಅಂತ ಟ್ರಸ್ಟಿನ ಕಾಗ್ದದ ಮೇಲೆ ಬರ್ದು ಸಹಿ ಹಾಕ್ಕೊಡಿ. ಆರಾಧನೆಗೆ ಮಠದ ಸ್ವಾಮಿಗಳು ಬರ್ತಾವ್ರೆ. ಅವರ ಮುಂದೆ ನಾನೇ ಓದ್ತೀನಿ. ನನ್ ಗಂಟ್ಲು ನಿಮ್ಗೆ ಗೊತ್ತಲ್ಲ, ಮೈಕ್ ಬ್ಯಾಡ.”

ಹಾಗೆ ಬರೆದು ಕೊಟ್ಟರೆ ಅಧ್ಯಕ್ಷಗಿರಿ ಉಳಿಯುವುದಿಲ್ಲ. ಮಂಟಪ ಕೊಟ್ಟರೆ ಮುಂದಿನ ಮದುವೆಗಳು ಉಳಿಯುವುದಿಲ್ಲ. ಇವೆರಡಕ್ಕಿಂತ ಅಗ್ಗವಾದದ್ದು ಹಣ. ವರ್ಷವಿಡೀ ಸಾಧ್ಯವೇ ಇಲ್ಲ ಎನ್ನಿಸಿಕೊಂಡದ್ದು ಒಂದು ಚೆಕ್ಕಿನ ರೂಪದಲ್ಲಿ ಮೇಜಿನ ಮೇಲೆ ಬಂದು ಕುಳಿತಿತು. ಜೊತೆಗೊಂದು ರಸೀದಿ: ವಿಶೇಷ ಪ್ರಕರಣವೆಂದು ಹಣ ಪಡೆದಿದ್ದೇನೆ, ಯಾರಿಗೂ ತಿಳಿಸುವುದಿಲ್ಲ.

ವಿಶ್ವನಾಥ್ ಬಾಗಿ ಪಿಸುಗುಟ್ಟಿದರು. “ಹೊರಗೆ ಜನ ಅವ್ರೆ. ಮೆತ್ತಗೆ ಸಹಿ ಹಾಕಿ, ಯಾರ್ಗೂ ಹೇಳ್ಬ್ಯಾಡಿ.”

“ಏನು, ತೊಂಬತ್ತು ಸಾವಿರಾನೂ ವಾಪಸ್ ಕೊಡ್ತಾ ಇದ್ದೀರಾ? ಯಾರ್ಗೂ ಹೇಳ್ಬಾರ್ದಾ?” ಎಂದರು ಮಹದೇವಮ್ಮ, ತಮ್ಮ ಎಂದಿನ ದನಿಯಲ್ಲಿ.

ಬೇಕೆಂದೇ ಹಾಗೆ ಹೇಳಿದಿರಾ ಎಂದು ಕೇಳಿದರೆ ಆಕೆ ಇವತ್ತಿಗೂ ಗಿರಣಿಯ ಯಂತ್ರವನ್ನೇ ತೋರಿಸುತ್ತಾರೆ.

ಲೋಕೇಶ್ ಬಾಗಿಲಲ್ಲಿ ಬಂದು ನಿಂತಿದ್ದರು. ಕೂಪನ್ ಆಗಲೇ ಕೈಯಲ್ಲಿತ್ತು. “ವಾಪಸ್ ಕೊಡ್ತಾ ಇದ್ದೀರಂತೆ, ಸಾರ್.”

“ಅವರ್ದು ಬೇರೆ ಕೇಸು ಕಣಪ್ಪ. ಮನೇಲಿ ಸಾವಾಗದೆ.”

“ಅಂದ್ರೆ ನಂಗೆ ದುಡ್ಡು ಬರ್ಬೇಕು ಅಂದ್ರೆ ನಾನೂ ಸಾಯ್ಬೇಕಾ?”

ಮಹದೇವಮ್ಮನವರ ಪೆನ್ನು ರಸೀದಿಯ ಮೇಲೆಯೇ ಇತ್ತು. ಚೆಕ್ಕು ಬೇಕೇ ಬೇಕಿತ್ತು. ಅದನ್ನು ನಗದು ಮಾಡಿಸಿ ಅಡುಗೆಯವರಿಗೆ ಅಂದು ಸಂಜೆಯೇ ಹಣ ಕೊಡಬೇಕಿತ್ತು. ಆಕೆ ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟರು.

“ಇವರ್ದೂ ಬರೀರಿ. ಆಮೇಲೆ ಸಹಿ ಹಾಕ್ತೀನಿ. ಇಲ್ದಿದ್ರೆ ಸೂತಕದ ಕಾಗ್ದನೇ ಕೊಡಿ, ನಂಗೆ ಅದೇ ಸಾಕು.”

ಬಹಳ ಹೊತ್ತಿನ ಮೇಲೆ ಎರಡನೆಯ ಚೆಕ್ಕೂ ಬಂತು, ನಿರ್ವಹಣಾ ವೆಚ್ಚವೆಂದು ಕಾಲು ಭಾಗ ಮುರಿದುಕೊಂಡು. ಬೀಗ ಹಾಕಿದ ಮಂಟಪದಲ್ಲಿ ಏನನ್ನು ನಿರ್ವಹಿಸಿದರೋ! ಮಹದೇವಮ್ಮ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಲೋಕೇಶ್, “ಸಾಕು ಬುಡ್ರಮ್ಮ, ಬಿಂದು ಮದ್ವೆಗೆ ತಂದ ಸಾಲ ಅದೆ” ಎಂದು ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಹೊರಗಿನವರ ದರ ಕೊನೆಯವರೆಗೂ ಹೊರಗಿನವರ ದರವೇ. ಆಕೆ ಯಾರಿಗೂ ತಿಳಿಸುವುದಿಲ್ಲ ಎಂಬ ಸಾಲನ್ನು ಹೊಡೆದು ಹಾಕಿ, ಸಹಿ ಮಾಡಿದರು.

ಆರಾಧನೆ ಗಿರಣಿಯಲ್ಲೇ ನಡೆಯಿತು. ಯಂತ್ರಕ್ಕೆ ಅದೇ ರೇಷ್ಮೆ ಸೀರೆ, ಅದರ ಮುಂದೆ ವಿಭೂತಿ ಹಚ್ಚಿದ ಗಂಡನ ಫೋಟೊ. ಪ್ರಸಾದ ಬಡಿಸುತ್ತಾ ಮಹದೇವಮ್ಮ ಪಂಕ್ತಿಯುದ್ದಕ್ಕೂ ಒಬ್ಬೊಬ್ಬರನ್ನೂ ಕೇಳಿದರು: “ಹಸಿರು ಕೂಪನ್ ಅದೆಯಾ ನಿಮ್ಮ ಹತ್ರ? ನಿಮ್ಮ ನೆಂಟ್ರ ಹತ್ರ?” ಮಠದ ಸ್ವಾಮಿಗಳೂ ಎಲೆಯಿಂದ ತಲೆಯೆತ್ತಿ ನೋಡಿದರು.

ಮಾರ್ಚ್ 31ರ ಬೆಳಿಗ್ಗೆ ಕಲ್ಲುಬೆಂಚು ಸಾಲದೆ ಗೇಟಿನವರೆಗೂ ಜನ ನಿಂತಿದ್ದರು. ಎಲ್ಲರಿಗೂ ಹಣ ಸಿಕ್ಕಿತೆಂದು ಬರೆದರೆ ಸುಳ್ಳಾಗುತ್ತದೆ. ಕೆಲವರಿಗೆ ಅರ್ಧ, ಕೆಲವರಿಗೆ ಭರವಸೆ, ಹಲವರಿಗೆ ಏನೂ ಇಲ್ಲ. ಕೆಲವು ವಾರಗಳಲ್ಲಿ ಎರಡನೆಯ ಅಲೆ ಬಂದು ಮಂಟಪಕ್ಕೆ ಮತ್ತೆ ಬೀಗ ಬಿತ್ತು. ಆದರೆ ಆ ಬೆಳಿಗ್ಗೆ ಬಾಗಿಲು ತೆರೆದ ವಿಶ್ವನಾಥ್ ಸಾಲಿನ ಮುಂಭಾಗದಲ್ಲಿ ಕಂಡದ್ದು ಸೆರಗಿನ ತುಂಬ ರಾಗಿ ಹಿಟ್ಟು ಮೆತ್ತಿಕೊಂಡಿದ್ದ ಮಹದೇವಮ್ಮನವರನ್ನು.

“ನಿಮ್ದು ಮುಗೀತಲ್ಲಮ್ಮ. ನೀವ್ಯಾಕೆ ಬಂದ್ರಿ?”

“ಇವ್ರಿಗೆಲ್ಲ ಕೂಗಕ್ಕೆ ಬರಲ್ವಂತೆ” ಎಂದರು ಆಕೆ. ಗೇಟಿನ ಬಳಿ ನಿಂತಿದ್ದವರಿಗೂ ಅದು ಕೇಳಿಸಿತು.