ಬೆಳ್ಯಪ್ಪನ ನಾಲಿಗೆ

ಭಾಗಮಂಡಲದಿಂದ ಕರಿಕೆಯ ಕಡೆಗಿನ ಕಾಡಿನಲ್ಲಿ ರಸ್ತೆ ಕಡಿಯುವವರ ಕ್ಯಾಂಪು ಬಿದ್ದದ್ದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಎರಡನೆಯ ಬೇಸಿಗೆಯಲ್ಲಿ. ಹನ್ನೆರಡು ಡೇರೆ, ನಲವತ್ತು ಚಿಲ್ಲರೆ ಜನ. ಅಷ್ಟು ಜನರಿಗೂ ನೀರು ಒದಗಿಸುವ ಕೆಲಸ ಬೆಳ್ಯಪ್ಪನದು.

ಬೆಳ್ಯಪ್ಪ ಭಾಗಮಂಡಲದ ಹತ್ತಿರದವನೇ, ಅರೆಭಾಷೆ ಮಾತಾಡುವ ಗೌಡರ ಮನೆಯವನು. ಇದ್ದ ಗದ್ದೆ ಅಣ್ಣತಮ್ಮಂದಿರಿಗೆ ಸಾಲದೆ ಇಪ್ಪತ್ತನೆಯ ವಯಸ್ಸಿಗೇ ಎಸ್ಟೇಟು ಸೇರಿದ್ದ. ಅಲ್ಲಿ ಹದಿನೇಳು ವರ್ಷ ಕಾಫಿ ಗಿಡಗಳಿಗೆ ಮದ್ದು ಹೊಡೆದ. ಮೈಲುತುತ್ತಕ್ಕೆ ಸುಣ್ಣ ಕಲಸುವುದು, ಪಂಪು ಬಿಚ್ಚಿ ಜೋಡಿಸುವುದು, ರಬ್ಬರ್ ಪೈಪಿಗೆ ತೇಪೆ ಹಾಕುವುದು ಎಲ್ಲ ಕೈಗೆ ಬಂದಿತ್ತು. ಉಗುರಿನ ಸಂದಿಯ ನೀಲಿ ಬಣ್ಣ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಕೆಮ್ಮು ಹೆಚ್ಚಾದಾಗ ಎಸ್ಟೇಟು ಬಿಟ್ಟು ಮನೆಗೆ ಬಂದ. ಪೈಪು ಪಂಪು ಗೊತ್ತಿರುವವನು ಬೇಕೆಂದು ಓವರ್‌ಸೀಯರ್ ಮರುಳಸಿದ್ದಪ್ಪನವರು ಹೇಳಿಕಳಿಸಿದಾಗ, ಇನ್ನು ಮೇಲೆ ವಿಷ ಮುಟ್ಟುವುದು ತಪ್ಪಿತು, ಬರೀ ನೀರಿನ ಕೆಲಸ ಎಂದು ಹೆಂಡತಿ ಯಮುನಳಿಗೆ ಹೇಳಿ ಸಂತೋಷದಿಂದಲೇ ಹೊರಟಿದ್ದ.

ತೊರೆ ಇದ್ದದ್ದು ಕ್ಯಾಂಪಿಗಿಂತ ಮುನ್ನೂರು ಅಡಿ ಮೇಲೆ, ಗುಡ್ಡದ ಕಡಿದಾದ ಬರೆಯಲ್ಲಿ. ಮೊದಲು ಬಿದಿರು ಸೀಳಿ ದಂಬೆ ಹಾಕಿ ನೀರು ಇಳಿಸಿದರು. ಅದರಲ್ಲಿ ತರಗೆಲೆಯ ಜೊತೆಗೆ ಜಿಗಣೆಯೂ ಇಳಿಯಿತು. ಎರಡು ಸಲ ಆನೆ ತುಳಿದು ಹೋಯಿತು. ಕಬ್ಬಿಣದ ಪೈಪು ಹಾಕೋಣವೆಂದರೆ ಕ್ಯಾಂಪು ತಿಂಗಳಿಗೊಮ್ಮೆ ಮುಂದೆ ಸರಿಯಬೇಕು, ಅಷ್ಟು ಭಾರ ಹೊರುವವರು ಯಾರು? ಕೊನೆಗೆ ಮರುಳಸಿದ್ದಪ್ಪನವರು ದೂರದ ಒಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಹಿಡಿದು, ಅಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ರಬ್ಬರ್ ಪೈಪಿನ ಆರು ಸುರುಳಿ ತರಿಸಿದರು.

ಲಾರಿಯಿಂದ ಇಳಿಸುವಾಗಲೇ ಬೆಳ್ಯಪ್ಪನಿಗೆ ಅದು ಮದ್ದು ಹೊಡೆಯುವ ಪೈಪೆಂದು ತಿಳಿಯಿತು. ಕುಡಿಯುವ ನೀರಿಗೆ ಇದು ಬೇಡವೆಂದ. ಮರುಳಸಿದ್ದಪ್ಪನವರು ಚಿತ್ರದುರ್ಗದ ಕಡೆಯವರು, ನೀರಿನ ಬೆಲೆ ಬಲ್ಲವರು, ಕೆಟ್ಟ ಮನುಷ್ಯರಲ್ಲ. ಹೊಸದಕ್ಕೆ ಬರೆದರೆ ಮಂಜೂರಾಗಿ ಬರುವಷ್ಟರಲ್ಲಿ ಮಳೆಗಾಲ ಬರುತ್ತದೆ, ಚೆನ್ನಾಗಿ ತೊಳೆದು ನೋಡಿ ಎಂದರು. ಬೆಳ್ಯಪ್ಪ ಎರಡು ದಿನ ತೊಳೆದ. ಬಿಸಿನೀರು, ಬೂದಿ, ಹುಣಸೆಹಣ್ಣಿನ ನೀರು, ಒಂದೊಂದನ್ನೂ ಹಾಯಿಸಿದ. ಮೂರನೆಯ ದಿನ ತೊರೆಗೆ ಜೋಡಿಸಿ, ಬಾಯಿಯಿಂದ ಬಿದ್ದ ನೀರನ್ನು ಬೊಗಸೆಯಲ್ಲಿ ಹಿಡಿದು ಮೂಸಿದ, ಕುಡಿದ, ಮತ್ತೊಂದು ಬೊಗಸೆ ಕುಡಿದ. ಏನೂ ಅನ್ನಿಸಲಿಲ್ಲ.

"ನೀವೇ ಹೇಳ್ರಿ ಬೆಳ್ಯಪ್ಪ. ನೀವು ಆಗ್ಲಿ ಅಂದ್ರೆ ಜನಕ್ಕೆ ಕೊಡೋಣ, ಬೇಡ ಅಂದ್ರೆ ಬಿಡೋಣ" ಎಂದರು ಮರುಳಸಿದ್ದಪ್ಪ.

"ಅಕ್ಕು ಸಾರ್, ವಾಸನೆ ಇಲ್ಲೆ" ಎಂದು ಒಪ್ಪಿಗೆ ಕೊಟ್ಟ ಬೆಳ್ಯಪ್ಪ.

ಐದು ದಿನ ನೀರು ಬಿಡುವಿಲ್ಲದೆ ಹರಿಯುತ್ತಿದ್ದದ್ದರಿಂದ ಯಾರಿಗೂ ಏನೂ ಆಗಲಿಲ್ಲ. ನೀರು ಸ್ವಲ್ಪ ಒಗರು ಎಂದು ಒಬ್ಬಿಬ್ಬರು ಹೇಳಿದ್ದರು, ಅಷ್ಟೇ. ಭಾನುವಾರ ರಜೆ. ಜನರೆಲ್ಲ ಭಾಗಮಂಡಲಕ್ಕೆ ಹೋಗುವವರು, ಸುಮ್ಮನೆ ಕೆಸರಾಗುವುದು ಬೇಡವೆಂದು ಬೆಳ್ಯಪ್ಪ ಪೈಪಿನ ಬಾಯಿಗೆ ಮರದ ಬೆಣೆ ಜಡಿದು ತಾನೂ ಮನೆಗೆ ಹೋಗಿಬಂದ. ಆ ದಿನವೆಲ್ಲ ಬಿಸಿಲಿಗೆ ಕಾದ ಕರಿ ಪೈಪಿನಲ್ಲಿ ನೀರು ನಿಂತೇ ಇತ್ತು.

ಸೋಮವಾರ ಬೆಳಿಗ್ಗೆ ಅಡಿಗೆಯ ಕೆಂಚಿ ಬೆಣೆ ಕಿತ್ತು ಮೊದಲ ಕೊಡ ತುಂಬಿದಳು. ಪಿರಿಯಾಪಟ್ಟಣದ ಕಡೆಯಿಂದ ಬಂದ ಗಟ್ಟಿ ಹೆಂಗಸು. ಅದೇ ನೀರಿನಲ್ಲಿ ಕಾಫಿ ಇಟ್ಟಳು, ಅದರಲ್ಲೇ ಗಂಜಿ ಬೇಯಿಸಿದಳು. ಬಿಸಿಲೇರುವಷ್ಟರಲ್ಲಿ, ಮೊದಲು ಬಂದು ಕುಡಿದಿದ್ದ ಹನ್ನೊಂದು ಜನ ವಾಂತಿ ಮಾಡುತ್ತಿದ್ದರು. ಕೆಂಚಿ ಎರಡು ಕೈಯಲ್ಲೂ ಹೊಟ್ಟೆ ಹಿಡಿದು ಒಲೆಯ ಪಕ್ಕದಲ್ಲೇ ಮಲಗಿಬಿಟ್ಟಳು. ಕಲ್ಲು ಒಡೆಯುವ ಬೀರ ಎಂಬ, ಎರವ ಬುಡಕಟ್ಟಿನ ಮುದುಕನಿಗೆ ಕೈಕಾಲು ನಡುಗಿ ಮಾತು ತೊದಲಿತು. ಅವನೂ ಅವನ ಹೆಂಡತಿ ಜವರಿಯೂ ಎಲ್ಲರಿಗಿಂತ ಬೇಗ ಎದ್ದು ಕಾಫಿಗೆ ಬರುವವರು. ಆ ದಿನ ತನ್ನ ಪಾಲನ್ನೂ ಜವರಿ ಗಂಡನಿಗೇ ಕೊಟ್ಟಿದ್ದಳು.

ಎಲ್ಲರನ್ನೂ ಲಾರಿಗೆ ಹಾಕಿಕೊಂಡು ಮಡಿಕೇರಿಗೆ ಹೊರಟರು. ದಾರಿಯುದ್ದಕ್ಕೂ ಬೆಳ್ಯಪ್ಪ ಬೀರನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಆಸ್ಪತ್ರೆಗೆ ಇನ್ನೆರಡು ಮೈಲಿ ಇರುವಾಗ ಬೀರನ ಉಸಿರು ನಿಂತಿತು. ಜವರಿ ಅಳಲಿಲ್ಲ. ಗಂಡನ ಪಾದವನ್ನು ತನ್ನ ಸೆರಗಿನಿಂದ ಒರೆಸುತ್ತಲೇ ಇದ್ದಳು.

ಉಳಿದ ಹತ್ತು ಜನ ಬದುಕಿಕೊಂಡರು. ಬೀರನಿಗೆ ಮೊದಲೇ ಎದೆಯ ಬೇನೆ ಇತ್ತು, ನೀರಿನಿಂದಲೇ ಸತ್ತನೆಂದು ಖಂಡಿತ ಹೇಳಲಾರೆ ಎಂದರು ಡಾಕ್ಟರು. ಹಾಗೆ ಹೇಳದಿದ್ದರೆ ಚೆನ್ನಾಗಿತ್ತು ಎಂದು ಬೆಳ್ಯಪ್ಪನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು. ತಾನು ಕೊಂದವನೋ ಅಲ್ಲವೋ ಎಂಬುದು ಅವನಿಗೆ ಯಾವತ್ತೂ ತೀರ್ಮಾನವಾಗಲಿಲ್ಲ.

ಅವನನ್ನು ಹೆಚ್ಚು ಕೊರೆದದ್ದು ಇನ್ನೊಂದು ಮಾತು. ಅಡಿಗೆಮನೆಯ ಕೊಡದಲ್ಲಿ ಉಳಿದಿದ್ದ ನೀರಿಗೆ ಮರುಳಸಿದ್ದಪ್ಪನವರು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ, ಥೂ ಎಂದು ಉಗಿದಿದ್ದರು. ಬೆಳ್ಯಪ್ಪ ಅದೇ ನೀರನ್ನು ಮುಟ್ಟಿಸಿ ನೋಡಿದ. ಬರೀ ನೀರು.

ಮನೆಗೆ ಹೋದಾಗ ಯಮುನ ಗಂಜಿ ಬಡಿಸಿದಳು. ಅವನು ತಲೆ ತಗ್ಗಿಸಿಕೊಂಡು ಪೂರ್ತಿ ಉಂಡ. ಉಪ್ಪಿನ ಮರಿಗೆ ಖಾಲಿಯಾಗಿದೆ, ಇಂದು ಗಂಜಿಗೂ ಚಟ್ನಿಗೂ ಉಪ್ಪಿಲ್ಲ, ಪಕ್ಕದ ಮನೆಯಿಂದ ಕೇಳಿ ತರುತ್ತೇನೆ ಎಂದು ಹೇಳುವುದಕ್ಕೆ ಬಂದವಳು ಖಾಲಿ ತಟ್ಟೆ ನೋಡಿ ಬಾಗಿಲಲ್ಲೇ ನಿಂತಳು. ಅವನು ಏನೆಂದು ಕೇಳಿದ.

"ನಿಮ್ಗೆ ರುಚಿ ತಿಳಿಯದ್ ನಂಗೆ ಗೊತ್ತುಟ್ಟು" ಎಂದಳು ಯಮುನ. "ನಾಲ್ಕೈದ್ ವರ್ಷ ಆತ್. ಉಪ್ಪು ಹೆಚ್ಚಾದ್ರೂ ಮಾತಾಡುದಿಲ್ಲೆ. ನನ್ನ ಬೇಜಾರ್ ಮಾಡುದು ಬೇಡಾಂತ ಸುಮ್ಮನಿದ್ದಾರೆ ಅಂತ ಮೊದ್ಲು ಎಣ್ಸಿದೆ."

ಅವನು ಎದ್ದು ಹೋಗಿ ಜಗಲಿಯಲ್ಲಿ ಕೂತ. ಹದಿನೇಳು ವರ್ಷದ ಮದ್ದು ತನ್ನ ಎದೆಯನ್ನಷ್ಟೇ ಕೆಡಿಸಿದೆ ಎಂದುಕೊಂಡಿದ್ದ. ಮೂಗು, ನಾಲಿಗೆ ಯಾವಾಗ ಹೋದವೋ ಅವನಿಗೇ ಗೊತ್ತಾಗಿರಲಿಲ್ಲ. ಆ ನಾಲಿಗೆಯನ್ನು ನಂಬಿ ನಲವತ್ತು ಜನಕ್ಕೆ ನೀರು ಕೊಟ್ಟಿದ್ದ.

ವಿಚಾರಣೆಗೆ ಮಡಿಕೇರಿಯಿಂದ ಎಂಜಿನಿಯರು ಬಂದರು. ಪೈಪು ತಂದದ್ದು ನಾನು, ತಪ್ಪು ನನ್ನದೆಂದು ಬರೆದುಕೊಡುತ್ತೇನೆ ಎಂದು ಮರುಳಸಿದ್ದಪ್ಪನವರು ಮೊದಲೇ ಹೇಳಿದ್ದರು. ಆದರೆ ಬೆಳ್ಯಪ್ಪ ಎಂಜಿನಿಯರ ಎದುರಿಗೆ ನಿಂತು, ಅವರು ಆಗುತ್ತದೋ ಇಲ್ಲವೋ ಎಂದು ಕೇಳಿದರು, ಆಗುತ್ತದೆ ಎಂದವನು ನಾನು ಎಂದ. ನಾಲಿಗೆಯ ಸಂಗತಿಯನ್ನೂ ಮುಚ್ಚಿಡಲಿಲ್ಲ. ಎಂಜಿನಿಯರು ಬಹಳ ಹೊತ್ತು ಅವನ ಉಗುರುಗಳನ್ನೇ ನೋಡುತ್ತಿದ್ದರು. ಇಬ್ಬರಿಗೂ ಎಚ್ಚರಿಕೆ ಕೊಟ್ಟು, ಹಳೆಯ ಪೈಪನ್ನು ಅಲ್ಲೇ ಸುಡಿಸಿ, ಹೊಸದನ್ನು ಕೂಡಲೇ ಕೊಳ್ಳಲು ಅಪ್ಪಣೆ ಮಾಡಿದರು. ಆರಿಸಿ ತರುವ ಕೆಲಸವನ್ನು ಬೆಳ್ಯಪ್ಪನಿಗೇ ಹೇಳಿದರು. ಅದು ಶಿಕ್ಷೆಯೋ ನಂಬಿಕೆಯೋ ಅವನಿಗೆ ತಿಳಿಯಲಿಲ್ಲ.

ಆಸ್ಪತ್ರೆಯಿಂದ ಬಂದು ನಾಲ್ಕು ದಿನವಾಗಿದ್ದ ಕೆಂಚಿಯ ಹತ್ತಿರ ಹೋಗಿ, ಮಡಿಕೇರಿಗೆ ಜೊತೆಗೆ ಬರುತ್ತೀಯಾ ಎಂದು ಕೇಳಿದ. ಯಾಕೆಂಬುದನ್ನೂ ಹೇಳಿದ. ಅವಳು ಒಲೆಯೊಳಗೆ ಸೌದೆ ತಳ್ಳುತ್ತಲೇ ಇದ್ದಳು. ಮಾರನೆಯ ದಿನ ಬೆಳಿಗ್ಗೆ ಬಸ್ಸಿನ ಹತ್ತಿರ ಬಂದು ನಿಂತಿದ್ದಳು.

ಮಡಿಕೇರಿಯ ಸಿದ್ದಣ್ಣನ ಅಂಗಡಿಯಲ್ಲಿ ಮೂರು ತರದ ಪೈಪು ಇದ್ದವು. ಒಂದು ಹೂದೋಟಕ್ಕೆ ನೀರು ಹಾಯಿಸುವ ತೆಳುವಾದ ಕೆಂಪು ರಬ್ಬರಿನದು. ಇನ್ನೊಂದು ಬೆಂಕಿ ಆರಿಸುವುದಕ್ಕೆ ಬಳಸುವ ಕ್ಯಾನ್‌ವಾಸಿನದು. ಮೂರನೆಯದು ದಪ್ಪನೆಯದು, ಹೊರಗೆ ಕಪ್ಪು, ನಡುವೆ ನೂಲಿನ ಹೆಣಿಗೆ, ಒಳಗೆ ಬಿಳಿ. ಹಾಲು ಹಾಯಿಸುವುದಕ್ಕೆಂದು ಮೈಸೂರಿನವರು ಯಾರೋ ಹೇಳಿ ತರಿಸಿ ಕೊನೆಗೆ ಕೊಳ್ಳದೆ ಬಿಟ್ಟದ್ದು ಎಂದ ಸಿದ್ದಣ್ಣ. ಬೆಳ್ಯಪ್ಪ ಮೂರರಲ್ಲೂ ಒಂದೊಂದು ಮೊಳ ಕೊಯ್ಯಿಸಿಕೊಂಡ. ನೀರು ತುಂಬಿ ಎರಡೂ ಬಾಯಿಗೆ ಬೆಣೆ ಹಾಕಿ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಬಿಸಿಲಿಗಿಟ್ಟ. ಹೀಗೆ ಪೈಪು ಕೊಳ್ಳುವವರನ್ನು ನೋಡಿಯೇ ಇಲ್ಲ ಎಂದು ಸಿದ್ದಣ್ಣ ನಕ್ಕ. ಯಾಕೆಂದು ಕೇಳಿ ತಿಳಿದ ಮೇಲೆ ಒಳಗಿನಿಂದ ಒಂದು ಹಿತ್ತಾಳೆಯ ಲೋಟ ತಂದುಕೊಟ್ಟ.

ಬಿಸಿಲು ಇಳಿಯುವವರೆಗೆ ಇಬ್ಬರೂ ಅಲ್ಲೇ ಕೂತರು. ಬೆಣೆ ಬಿಚ್ಚಿ ಮೊದಲ ನೀರನ್ನು ಲೋಟಕ್ಕೆ ಬಗ್ಗಿಸಿದಾಗ ಕೆಂಚಿಯ ಕೈ ಮುಂದೆ ಬರಲಿಲ್ಲ. ಬೇಕಾದರೆ ಮೊದಲು ನಾನು ಕುಡಿಯುತ್ತೇನೆ ಎಂದ ಬೆಳ್ಯಪ್ಪ.

"ನೀವು ಕುಡುದ್ರೆ ಏನ್ ಗೊತ್ತಾಯ್ತದೆ ಗೌಡ್ರೆ" ಎಂದಳು ಕೆಂಚಿ. ಬೈಗುಳವಾಗಿ ಹೇಳಿದ್ದಲ್ಲ. ಕಣ್ಣು ಮುಚ್ಚಿಕೊಂಡು ಲೋಟ ತೆಗೆದುಕೊಂಡಳು.

ಕೆಂಪು ಪೈಪಿನದನ್ನು ಬಾಯಿಗಿಟ್ಟವಳೇ ಉಗಿದಳು, ಲಾರಿಯ ಚಕ್ರ ನೆಕ್ಕಿದ ಹಾಗಿದೆ ಎಂದಳು. ಕ್ಯಾನ್‌ವಾಸಿನದರಲ್ಲಿ ಅರ್ಧ ನೀರು ಸೋರಿಹೋಗಿತ್ತು, ಉಳಿದದ್ದಕ್ಕೆ ಹಳೇ ಗೋಣಿಯ ವಾಸನೆ. ಬಿಳಿ ಒಳಪದರದ ಪೈಪಿನ ನೀರನ್ನು ಬಾಯಲ್ಲಿ ಆಡಿಸಿ ನುಂಗಿ, ಇನ್ನೊಂದು ಗುಟುಕು ಕುಡಿದಳು. ತೊರೆಯ ನೀರಿನಷ್ಟೇ ಎಂದಳು. ಆಮೇಲಿನದು ಬೆಳ್ಯಪ್ಪನ ಕೆಲಸ. ಆ ತುಂಡನ್ನು ಮಡಚಿ ನೋಡಿದ, ನೀರಿನ ದಾರಿ ಕಟ್ಟಲಿಲ್ಲ. ಕಲ್ಲಿಗೆ ಉಜ್ಜಿದ, ಮೇಲೆ ಹತ್ತಿ ನಿಂತ. ನೂಲು ಬಿಚ್ಚಿಕೊಳ್ಳಲಿಲ್ಲ.

ಹೊಸ ಪೈಪು ಬಂದ ಮೇಲೆ ಅವನು ದಿನಾ ಸಂಜೆ ಅದನ್ನು ತೊರೆಯಿಂದ ಬಿಡಿಸಿ, ನೀರೆಲ್ಲ ಬಸಿದು, ಮರದ ನೆರಳಿಗೆ ಎತ್ತಿ ಕಟ್ಟುತ್ತಿದ್ದ. ಬೆಳಿಗ್ಗೆ ಜೋಡಿಸಿದ ಮೇಲೆ ನೂರು ಎಣಿಸುವವರೆಗೆ ನೀರನ್ನು ನೆಲಕ್ಕೆ ಬಿಡುತ್ತಿದ್ದ. ಕೆಂಚಿ ಬಂದು ರುಚಿ ನೋಡಿ ತಲೆಯಾಡಿಸದೆ ಯಾರಿಗೂ ಕೊಡ ತುಂಬಲು ಬಿಡುತ್ತಿರಲಿಲ್ಲ.

ಜವರಿ ಮಾತ್ರ ಆ ನೀರನ್ನು ಮುಟ್ಟಲಿಲ್ಲ. ಗಂಡನ ಕೆಲಸವನ್ನೇ ತಾನು ಮಾಡುತ್ತ ಕ್ಯಾಂಪಿನಲ್ಲೇ ಉಳಿದಿದ್ದ ಅವಳು ತನ್ನ ಗಡಿಗೆ ಹಿಡಿದು ಬರೆ ಹತ್ತಿ ತೊರೆಗೇ ಹೋಗುತ್ತಿದ್ದಳು. ಈ ಪೈಪಿನ ನೀರಿಗೆ ದೋಷವಿಲ್ಲ ಎಂದು ಹೇಳಬೇಕೆಂದು ಬೆಳ್ಯಪ್ಪ ಒಂದು ದಿನ ಅವಳ ಹತ್ತಿರ ಹೋದ. ಆದರೆ ತಪ್ಪಾಯಿತು ಎಂದಷ್ಟೇ ಹೇಳಿದ.

"ಅವ್ರಿಗೆ ನನ್ ಕಾಪಿನೂ ನಾನೇ ಕೊಟ್ಟೆ ಗೌಡ್ರೆ" ಎಂದಳು ಜವರಿ. ಆಮೇಲೆ ಗಡಿಗೆ ಎತ್ತಿಕೊಂಡು ಹೊರಟಳು.

ಅವಳಿಗೂ ತನ್ನ ಹಾಗೆಯೇ ಒಂದು ಉರಿ ಇದೆ ಎಂಬುದು ಅಲ್ಲಿಯವರೆಗೆ ಅವನಿಗೆ ಹೊಳೆದಿರಲಿಲ್ಲ. ಅದು ನಿನ್ನ ತಪ್ಪಲ್ಲ ಎಂದು ಅವಳ ಹಿಂದಿನಿಂದ ಕೂಗಿ ಹೇಳಿದ. ಅವಳು ತಿರುಗಿ ನೋಡಲಿಲ್ಲ. ಮಾರನೆಯ ದಿನ ಹಾರೆ ಹಿಡಿದು ತೊರೆಯ ತನಕ ಮೆಟ್ಟಿಲು ಕಡಿಯತೊಡಗಿದ. ಕೆಮ್ಮುತ್ತ ಕೆಮ್ಮುತ್ತ ಹನ್ನೆರಡು ದಿನ ಕಡಿದ. ಅವಳು ಆ ಮೆಟ್ಟಿಲ ಮೇಲೆಯೇ ಹತ್ತಿ ಇಳಿದಳು. ಮುಂಗಾರು ಹಿಡಿದು ಡೇರೆಗಳನ್ನು ಕಿತ್ತ ದಿನ ಯಾರಿಗೂ ಹೇಳದೆ ತನ್ನವರಿದ್ದ ಪೊನ್ನಂಪೇಟೆಯ ಕಡೆಗೆ ಹೊರಟುಹೋದಳು.