ಗ್ಯಾಸ್ ಲಾರಿಯ ಮೊದಲ ಪೂಜೆ

ಅರಕಲಗೂಡಿನಲ್ಲಿ ನಾನು ಅರ್ಚಕನಾಗಿದ್ದ ಕಾಲದಲ್ಲಿ ಶುಕ್ರವಾರ ಬಂತೆಂದರೆ ದೇವರಿಗಿಂತ ಗಾಡಿಗಳಿಗೇ ಪೂಜೆ ಹೆಚ್ಚು. ಎರಡು ಸಾವಿರದ ಇಸವಿ ಕಳೆದ ಮೇಲೆ ಡೀಸೆಲ್ ಬೆಲೆ ಏರುತ್ತಲೇ ಇತ್ತು. ಹಾಸನದಿಂದ ಆಲೂಗೆಡ್ಡೆ ಹೇರುತ್ತಿದ್ದ ನಮ್ಮೂರ ಗೌಡರೊಬ್ಬರು ತಮ್ಮ ಲಾರಿಗೆ ಗ್ಯಾಸ್ ಕಿಟ್ ಹಾಕಿಸಿದರು. ಡೀಸೆಲ್ ಜೊತೆ ಗ್ಯಾಸೂ ಉರಿಯುತ್ತದೆ, ಹೊಗೆಯೂ ಕಡಿಮೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದರು. ಇಂಥ ಲಾರಿಯನ್ನು ನಮ್ಮ ಕಡೆ ಯಾರೂ ನೋಡಿರಲಿಲ್ಲ.

ಆ ಲಾರಿಯ ಪೂಜೆಗೆ ಗೊತ್ತಾದ ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರು. ಹೆಂಡತಿ, ತಾಯಿಯನ್ನು ಕರೆದುಕೊಂಡು ಅವರು ಬಂದದ್ದು ಹತ್ತೂಕಾಲಿಗೆ. ನನಗೆ ಸಿಟ್ಟು ಬಂತು. ಗಡಿಬಿಡಿಯಲ್ಲೇ ಅರಿಶಿನ ಕುಂಕುಮ ಹಚ್ಚಿದೆ, ಹಾರ ಹಾಕಿಸಿದೆ. ಮುಂದಿನ ಚಕ್ರದಡಿ ನಿಂಬೆಹಣ್ಣು ಇಡಲು ಬಗ್ಗಿದಾಗ ಮೂಗಿಗೆ ವಾಸನೆ ಬಡಿಯಿತು. ಅಡುಗೆಮನೆಯ ಸಿಲಿಂಡರ್ ಸೋರಿದಾಗ ಬರುವ ಅದೇ ವಾಸನೆ.

“ಗೌಡ್ರೇ, ಗ್ಯಾಸ್ ಸೋರ್ತಿದೆಯಾ ನೋಡಿ.”

“ಒಸ ಕಿಟ್ಟು ಅಯ್ನೋರೆ, ಮೊದಮೊದ್ಲು ವಸಿ ವಾಸ್ನೆ ಬತ್ತದೆ ಅಂದವ್ನೆ ಫಿಟ್ಟರ್ರು. ಬಿರ್ನೆ ಮುಗಿಸ್ಬುಡಿ, ರಾವುಕಾಲ ಬಂದ್ಬುಡ್ತದೆ.”

ಗಡಿಯಾರ ನೋಡಿದೆ. ಐದು ನಿಮಿಷ ಉಳಿದಿತ್ತು. ದೇವಸ್ಥಾನದ ಮೆಟ್ಟಿಲ ಬಳಿ ಹೋಗಿ ಆರತಿ ತಟ್ಟೆಯಲ್ಲಿ ಕರ್ಪೂರ ಹಚ್ಚಿಕೊಂಡು, ಗಂಟೆ ಬಾರಿಸುತ್ತ ಲಾರಿಯತ್ತ ನಡೆದೆ. ಮೂವರೂ ಕೈ ಮುಗಿದು ಬಂಪರ್ ಪಕ್ಕದಲ್ಲೇ ನಿಂತಿದ್ದರು. ಇನ್ನು ನಾಲ್ಕು ಹೆಜ್ಜೆ ಇರುವಾಗ ಮತ್ತೆ ಅದೇ ವಾಸನೆ, ಈ ಸಲ ಕರ್ಪೂರದ ಘಾಟನ್ನೂ ಮೀರಿ. ಗಂಟೆ ಬಿಸಾಕಿ, ಉರಿಯುವ ಕರ್ಪೂರದ ಮೇಲೆ ಅಂಗೈ ಇಟ್ಟು ಒತ್ತಿಬಿಟ್ಟೆ.

ಗೌಡರ ತಾಯಿ ಕಿರುಚಿದರು. “ಅಯ್ಯೋ, ಆರ್ತಿ ಆರಿಸ್ಬುಟ್ರಲ್ಲಪ್ಪಾ! ನನ್ ಮಗನ್ ಗತಿ ಏನು?”

“ಮೊದಲು ಎಲ್ಲರೂ ದೂರ ಹೋಗಿ!” ಎಂದು ಗದರಿದೆ.

ಸೋಪಿನ ನೀರು ತರಿಸಿ ಗ್ಯಾಸ್ ಪೈಪಿನ ಜಾಯಿಂಟಿಗೆ ಸುರಿದೆ. ಗುಳುಗುಳು ನೊರೆ ಎದ್ದಿತು. ಗೌಡರು ಓಡಿಬಂದು ಸಿಲಿಂಡರ್ ಬಂದ್ ಮಾಡಿದರು. ನನ್ನ ಕೈಯಲ್ಲಿ ಬೊಬ್ಬೆ ಏಳುತ್ತಿತ್ತು.

ಆ ಲಾರಿ ಮತ್ತೆ ನಮ್ಮ ದೇವಸ್ಥಾನಕ್ಕೆ ಬರಲಿಲ್ಲ. ಪೈಪು ಸರಿ ಮಾಡಿಸಿ, ಮುಂದಿನ ಶುಕ್ರವಾರ ಹೊಳೆನರಸೀಪುರದ ಕಡೆ ಪೂಜೆ ಮಾಡಿಸಿದರೆಂದು ಕೇಳಿದೆ. ಹೊಟ್ಟೆ ಉರಿಯಿತು. ಆರತಿ ಆರಿಸಿದ ಅಯ್ಯನೋರು ಎಂದು ಊರು ನನ್ನನ್ನು ಬಹಳ ದಿನ ಆಡಿಕೊಂಡಿತು. ವಾಸನೆ ಗೊತ್ತಾದ ಮೇಲೂ, ರಾಹುಕಾಲಕ್ಕೆ ಹೆದರಿ ಆ ಕರ್ಪೂರ ಯಾಕೆ ಹಚ್ಚಿದಿರಿ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.